ಹದಿನಾರು ಪುಟದಿಂದ ಒಂದೂವರೆ ಹಾಳೆಗೆ

"ಒಂದು ಕೊಟೇಶನ್ ಕಳ್ಸಿ ಮೇಡಂ, ನೋಡಿ ಹೇಳ್ತೀವಿ."

ಮಂಡ್ಯ, ಮೈಸೂರಿನ ಅಂಗಡಿ, ಹೋಟೆಲು, ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತಿದು. ಬೆಂಗಳೂರಿನ ಕಂಪನಿಯಲ್ಲಿದ್ದಾಗ ಇದಕ್ಕೆ ಪ್ರಪೋಸಲ್ ಅನ್ನುತ್ತಿದ್ದೆವು. ಇಲ್ಲಿ ಬೋರ್‌ವೆಲ್ ಕೊರೆಯುವವರು ಕೊಡುವುದೂ ಕೊಟೇಶನ್, ರೋಲಿಂಗ್ ಶಟರ್ ಹಾಕುವವರು ಕೊಡುವುದೂ ಕೊಟೇಶನ್, ನಾನೂ ಅದನ್ನೇ ಕೊಡಬೇಕು. ಹೆಸರು ಯಾವುದಾದರೂ ಇರಲಿ, ಏನು ಕೆಲಸ, ಎಷ್ಟು ದರ ಎಂದು ಹೇಳುವ ಆ ಹಾಳೆ ಬರೆಯುವುದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಕೋಡ್ ಬರೆಯುವುದು ಅದಕ್ಕಿಂತ ಬೇಗ ಬಂದಿತ್ತು.

2020ರ ಲಾಕ್‌ಡೌನ್ ಸಡಿಲವಾದ ಮೇಲೆ ನಾನು ಕೆಲಸ ಬಿಟ್ಟು ಮಂಡ್ಯಕ್ಕೆ ಬಂದೆ. ಅಶೋಕನಗರದ ಮನೆಯ ಮುಂದಿನ ಕೋಣೆಯೇ ಆಫೀಸಾಯಿತು. ಮೊದಲ ದೊಡ್ಡ ಅವಕಾಶ ಕೊಟ್ಟವರು ಬೆಲ್ಲದ ಮಂಡಿಯವರು. ಮೂರು ತಲೆಮಾರಿನ ವ್ಯಾಪಾರ. ಯಜಮಾನರು ಹತ್ತು ನಿಮಿಷ ಮಾತಾಡಿ, "ಆನ್‌ಲೈನಲ್ಲಿ ಬೆಲ್ಲ ಮಾರ್ಬೇಕು ಕಣವ್ವ, ಎಷ್ಟಾಯ್ತದೆ ಬರ್ದು ಕಳ್ಸು" ಅಂದರು. ನಾನು ಎರಡು ರಾತ್ರಿ ಕೂತು ಹದಿನಾರು ಪುಟ ಬರೆದೆ, ಇಂಗ್ಲಿಷಿನಲ್ಲಿ. ನಮ್ಮ ಬಗ್ಗೆ ಎರಡು ಪುಟ, ನಮ್ಮ ಕೆಲಸದ ವಿಧಾನಕ್ಕೆ ಮೂರು ಪುಟ, ತಂತ್ರಜ್ಞಾನಕ್ಕೆ ನಾಲ್ಕು, ಹೀಗೆ ಸಾಗಿ ಕೊನೆಯ ಪುಟದಲ್ಲಿ ದರ. ಹಿಂದಿನ ವಾರ ಹಲ್ಲಿನ ಕ್ಲಿನಿಕ್ಕೊಂದಕ್ಕೆ ಬರೆದಿದ್ದ ಫೈಲನ್ನೇ ತಿದ್ದಿದ್ದೆ. ಹನ್ನೊಂದನೇ ಪುಟದಲ್ಲಿ "ನಿಮ್ಮ ರೋಗಿಗಳು ಮನೆಯಿಂದಲೇ ಅಪಾಯಿಂಟ್‌ಮೆಂಟ್ ಪಡೆಯಬಹುದು" ಎಂಬ ಸಾಲು ಹಾಗೇ ಉಳಿದುಬಿಟ್ಟಿತ್ತು.

ಅದನ್ನು ಗಮನಿಸಿದವರು ಯಜಮಾನರ ಸೊಸೆ. ಎಂ.ಕಾಂ ಓದಿದ ಹೆಣ್ಣುಮಗಳು, ಮಂಡಿಯ ಲೆಕ್ಕವೆಲ್ಲ ಆಕೆಯ ಕೈಯಲ್ಲೇ. ಫೋನ್ ಮಾಡಿದವರು ಬೇಸರದ ಮಾತು ಒಂದೂ ಆಡಲಿಲ್ಲ. "ಅಕ್ಕ, ಇದು ನಮಗೆ ಅಂತ ಬರೆದಿದ್ದಾ?" ಎಂದಷ್ಟೇ ಕೇಳಿದರು. ಹೌದು ಅನ್ನಲು ಬಾಯಿ ಬರಲಿಲ್ಲ. ಆ ಒಂದು ಸಾಲು ತಪ್ಪಿಹೋಗಿದ್ದು ನಿಜ, ಆದರೆ ಉಳಿದ ಹದಿನೈದು ಪುಟವೂ ಅವರಿಗೆ ಬರೆದದ್ದಾಗಿರಲಿಲ್ಲ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು ಇವನ್ನು ಕೊಳ್ಳುವವರೇ ಬೇರೆ ಬೇರೆ ಅನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತದೆ, ಆಗ ಕೊರಿಯರ್‌ನಲ್ಲಿ ಹೇಗೆ ಕಳಿಸುತ್ತೀರಿ ಎಂದು ನಾನು ಕೇಳಿರಲಿಲ್ಲ. ತಿನ್ನುವ ಪದಾರ್ಥವನ್ನು ಆನ್‌ಲೈನ್ ಮಾರಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಬೇಕು. ಅದು ಅವರ ಹತ್ತಿರ ಇದೆಯೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಹೋಗಬೇಕಾದದ್ದೇ. "ಇದು ನಮಗೆ ಅಂತ ಬರೆದಿದ್ದಾ?" ಎಂಬ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು. ಈಗಲೂ ಯಾವುದೇ ಕೊಟೇಶನ್ ಕಳಿಸುವ ಮೊದಲು ಅದನ್ನೇ ಕೇಳಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ಮೊದಲ ಭೇಟಿಗೆ ಲ್ಯಾಪ್‌ಟಾಪ್ ಒಯ್ಯುವುದನ್ನು ಬಿಟ್ಟೆ. ಲ್ಯಾಪ್‌ಟಾಪ್ ತೆರೆದರೆ ಎದುರಿಗಿರುವವರು ಮಾತು ನಿಲ್ಲಿಸಿ ಪರದೆ ನೋಡುತ್ತಾರೆ, ಅದು ಚೆಂದ ಇದು ಚೆಂದ ಅನ್ನುತ್ತಾರೆ, ಅವರ ವ್ಯಾಪಾರದ ಮಾತು ಅಲ್ಲಿಗೇ ಮುಗಿಯುತ್ತದೆ. ಒಂದು ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗುವುದು ರೂಢಿ, ಆದರೆ ನನ್ನ ಅನುಭವದಲ್ಲಿ ಗಿರಾಕಿ ಇರುವ ಹೊತ್ತೇ ವಾಸಿ. ಜನ ಏನು ಕೇಳುತ್ತಾರೆ, ಯಾವುದಕ್ಕೆ ತಿರುಗಿ ಹೋಗುತ್ತಾರೆ ಎಂಬುದು ಅಂಗಡಿಯವರ ಬಾಯಿಗಿಂತ ಆ ಮಾತುಕತೆಯಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು 2023ರಲ್ಲಿ. ಆ ವರ್ಷ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ನಮ್ಮ ಜಿಲ್ಲೆಯ ಗೆಜ್ಜಲಗೆರೆಯಲ್ಲೇ ನಡೆಯಿತು. 118 ಕಿಲೋಮೀಟರ್ ರಸ್ತೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರೊಳಗೂ ನುಗ್ಗದೆ ಕಾರು ಮೈಸೂರು ಮುಟ್ಟುತ್ತದೆ. ಪ್ರಯಾಣ ಮಾಡುವವರಿಗೆ ದೊಡ್ಡ ಅನುಕೂಲ. ಹಳೇ ರಸ್ತೆಯಲ್ಲಿ ಕಾಫಿ, ವಡೆ, ಎಳನೀರು, ಗೊಂಬೆ ಮಾರಿಕೊಂಡು ಬದುಕಿದ್ದವರ ಮುಂದೆ ಮಾತ್ರ ಒಂದೇ ಸಲಕ್ಕೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು.

ಜೂನ್‌ನಲ್ಲಿ ಅಂಥ ಒಂದು ಹೋಟೆಲಿನಿಂದ ನನಗೆ ಕರೆ ಬಂತು. ಮದ್ದೂರು ಕಡೆಯಿಂದ ಮಂಡ್ಯ ಊರೊಳಗೆ ಬರುವ ಹಳೇ ರಸ್ತೆಯಲ್ಲಿದೆ. ಬೆಳಿಗ್ಗೆ ತಟ್ಟೆ ಇಡ್ಲಿ, ವಡೆ, ಮಧ್ಯಾಹ್ನ ಮುದ್ದೆ ಊಟ. ಗಂಡ ಸಪ್ಲೈ ನೋಡುತ್ತಾರೆ, ಹೆಂಡತಿ ಅಡಿಗೆಮನೆ ಮತ್ತು ಗಲ್ಲ ಎರಡನ್ನೂ. ಕರೆ ಮಾಡಿದ್ದು ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗ. "ಮೇಡಂ, ಒಳ್ಳೇ ವೆಬ್‌ಸೈಟ್ ಬೇಕು. ಆನ್‌ಲೈನ್ ಆರ್ಡರ್, ಟೇಬಲ್ ಬುಕಿಂಗ್ ಎಲ್ಲ ಇರಲಿ. ಅರವತ್ತು ಸಾವಿರದವರೆಗೂ ಪರವಾಗಿಲ್ಲ, ಕೊಟೇಶನ್ ಕಳ್ಸಿ" ಅಂದ. ಆಗಿನ ನನ್ನ ಸ್ಥಿತಿಯಲ್ಲಿ ಅರವತ್ತು ಸಾವಿರ ದೊಡ್ಡ ಮೊತ್ತ. ಆ ರಾತ್ರಿಯೇ ಕೊಟೇಶನ್ ಕಳಿಸಬಹುದಿತ್ತು. ಕಳಿಸಲಿಲ್ಲ, ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಹೋಟೆಲಿಗೆ ಹೋಗಿ ಕೂತೆ.

"ಒಸಿ ಕೂತ್ಕೊಳವ್ವ, ಇಡ್ಲಿ ಬತ್ತದೆ" ಅಂದ ಆ ತಾಯಿ ಮಾತಾಡುವಷ್ಟರಲ್ಲಿ ಗಲ್ಲದ ಮೇಲಿನ ಫೋನ್ ಎರಡು ಸಲ ಹೊಡೆದುಕೊಂಡಿತು. ಎರಡೂ ಸಲ ಅವರು ಹೇಳಿದ್ದು ಒಂದೇ ಥರದ ಮಾತು: "ಇಲ್ಲ ಇಲ್ಲ, ಮೇಲ್ಗಡೆ ರೋಡಲ್ಲಿ ಬರ್ಬೇಡಿ, ಮದ್ದೂರು ದಾಟ್ತಿದ್ದಂಗೆ ಎಡಕ್ಕೆ ಕೆಳಕ್ಕಿಳೀರಿ." ನಾನು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆಯೊಂದನ್ನು ಕೇಳಿ ಹರಿದುಕೊಂಡೆ. ಅದರ ಹಿಂದೆ ನಾಲ್ಕು ಕಾಲಂ ಎಳೆದು, "ಅಮ್ಮ, ಮೂರು ದಿನ ಯಾರು ಫೋನ್ ಮಾಡಿದ್ರೂ ಏನಕ್ಕೆ ಮಾಡಿದ್ರು ಅಂತ ಇಲ್ಲಿ ಒಂದೊಂದು ಗೀಟು ಎಳೀರಿ" ಎಂದು ಕೇಳಿಕೊಂಡೆ. ಅವರು ಹಾಲಿನವನ ಲೆಕ್ಕದ ಹಾಗೆ ಶ್ರದ್ಧೆಯಿಂದ ಎಳೆದರು. ಮೂರು ದಿನಕ್ಕೆ 41 ಕರೆ. ಹೈವೇಯಿಂದ ಎಲ್ಲಿ ಇಳಿಯಬೇಕು ಎಂದು ಕೇಳಿದವರು 23. ಹೋಟೆಲ್ ಇನ್ನೂ ಇದೆಯಾ, ತೆರೆದಿದೆಯಾ ಎಂದು ಕೇಳಿದವರು 9. ಮದುವೆ, ಆಫೀಸಿಗೆ ವಡೆ ಪಾರ್ಸಲ್ ಬೇಕೆಂದವರು 5. ಉಳಿದ ನಾಲ್ಕು ಗ್ಯಾಸ್‌ನವರು, ಸಾಲ ಬೇಕಾ ಅಂದವರು.

ಟೇಬಲ್ ಬುಕ್ ಮಾಡಬೇಕು ಅಂದವರು ಒಬ್ಬರೂ ಇರಲಿಲ್ಲ.

ಗೂಗಲ್ ಮ್ಯಾಪ್ ತೆಗೆದು ನೋಡಿದೆ. ಯಾರೋ ಗಿರಾಕಿ ಹಿಂದೆ ಹಾಕಿದ್ದ ಪಿನ್ ಹೋಟೆಲಿನಿಂದ ಸುಮಾರು ನಾನೂರು ಮೀಟರ್ ದೂರದಲ್ಲಿ ಕೂತಿತ್ತು. ಬೆಂಗಳೂರಿನಿಂದ ಬರುವವರನ್ನು ಮ್ಯಾಪು ಬೈಪಾಸ್ ಹತ್ತಿಸಿಬಿಡುತ್ತಿತ್ತು. ತೆರೆಯುವ ಹೊತ್ತು ಬರೆದಿರಲಿಲ್ಲ. ಫೋನ್ ನಂಬರ್ ಹಳೆಯದು. ಮಗ ಕೇಳಿದ ಅರವತ್ತು ಸಾವಿರದ ವೆಬ್‌ಸೈಟ್ ಕಟ್ಟಿಕೊಟ್ಟಿದ್ದರೂ ಜನ ಆ ಪಿನ್ನನ್ನೇ ಹಿಡಿದು ಬೈಪಾಸಿನ ಮೇಲೇ ಹೋಗುತ್ತಿದ್ದರು.

ಆ ಹೋಟೆಲಿಗೆ ನಾನು ಬರೆದದ್ದು ಒಂದೂವರೆ ಹಾಳೆ, ಕನ್ನಡದಲ್ಲಿ. ಮೊದಲ ಪ್ಯಾರಾದಲ್ಲಿ ನನ್ನ ಹೆಸರಿಲ್ಲ, ನನ್ನ ಅನುಭವವಿಲ್ಲ. "ಹೈವೇ ಆದ ಮೇಲೆ ನಿಮ್ಮ ಹೋಟೆಲಿಗೆ ಬರಬೇಕು ಅನ್ನುವವರಿಗೆ ದಾರಿ ತಿಳಿಯುತ್ತಿಲ್ಲ. ಮೂರು ದಿನದಲ್ಲಿ ಬಂದ 41 ಕರೆಯಲ್ಲಿ 23 ದಾರಿ ಕೇಳಿ ಬಂದವು" ಎಂದು ಶುರು ಮಾಡಿದೆ. ಎರಡನೇ ಪ್ಯಾರಾದಲ್ಲಿ ನಾನು ಮಾಡುವ ಕೆಲಸ. ಗೂಗಲ್ ಬಿಸಿನೆಸ್ ಪ್ರೊಫೈಲನ್ನು, ಅಂದರೆ ಗೂಗಲ್ ಮ್ಯಾಪಿನಲ್ಲಿ ಕಾಣುವ ಹೋಟೆಲಿನ ವಿವರವನ್ನು, ಅವರ ಹೆಸರಿಗೆ ಮಾಡಿಸಿ, ಪಿನ್, ಸಮಯ, ನಂಬರ್ ಸರಿಪಡಿಸುವುದು. ಪ್ರೊಫೈಲಿಗೆ ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ, ನನಗೆ ಕೊಡುವುದು ಕೂಲಿ ಮಾತ್ರ ಎಂದೂ ಬರೆದೆ. ಆಮೇಲೆ ಒಂದೇ ಪುಟದ ವೆಬ್‌ಸೈಟ್. ಬೆಂಗಳೂರಿನಿಂದ ಬಂದರೆ ಎಲ್ಲಿ ಇಳಿಯಬೇಕು, ಮೈಸೂರಿನಿಂದ ಬಂದರೆ ಎಲ್ಲಿ, ಫೋಟೋ ಸಮೇತ. ಒತ್ತಿದರೆ ಫೋನ್ ಹೋಗುವ ಗುಂಡಿ. ಪಾರ್ಸಲ್‌ಗೆ ವಾಟ್ಸಾಪ್. ಇವತ್ತು ರಜೆ ಇದ್ದರೆ ಅಮ್ಮನೇ ಮೊಬೈಲಿನಲ್ಲಿ ಹಾಕಬಹುದಾದ ಒಂದು ಸಾಲು. 14,000 ರೂಪಾಯಿ, ಎರಡನೇ ವರ್ಷದಿಂದ ಡೊಮೈನ್ (ವೆಬ್‌ಸೈಟಿನ ಹೆಸರು) ಮತ್ತು ಹೋಸ್ಟಿಂಗ್ (ಅದನ್ನು ಇಡುವ ಜಾಗ) ಸೇರಿ ವರ್ಷಕ್ಕೆ 3,500. ಕೊನೆಗೆ ಇನ್ನೊಂದು ಮಾತು ಸೇರಿಸಿದೆ: "ಹೈವೇ ಮೇಲೆ ಹೋಗುವ ಕಾರುಗಳನ್ನೆಲ್ಲ ಈ ವೆಬ್‌ಸೈಟ್ ಕೆಳಗಿಳಿಸುವುದಿಲ್ಲ. ನಿಮ್ಮನ್ನು ಹುಡುಕುತ್ತಿರುವವರಿಗೆ ದಾರಿ ತೋರಿಸುತ್ತದೆ."

ಈ ಸಾಲು ಬರೆಯಬೇಕೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸಿದ್ದೆ. ಸಂಕಟದಲ್ಲಿರುವವರು ಭರವಸೆಗೆ ದುಡ್ಡು ಕೊಡುತ್ತಾರೆ, ಅದೇ ಭಯ. ಆ ಭರವಸೆಯನ್ನು ನಾನು ಮಾರಬಾರದು ಅನ್ನಿಸಿತು.

ಅವರ ಉತ್ತರಕ್ಕೆ ಬರುವ ಮೊದಲು, ಆ ಒಂದೂವರೆ ಹಾಳೆಯ ಉಳಿದ ಅರ್ಧದಲ್ಲಿ ಏನಿರುತ್ತದೆ ಎಂಬುದನ್ನು ಹೇಳಬೇಕು. ಅಲ್ಲಿರುವ ಒಂದೊಂದು ಸಾಲೂ ಯಾವುದೋ ಒಂದು ಏಟು ತಿಂದ ಮೇಲೆ ಬಂದು ಸೇರಿದ್ದು.

ದೊಡ್ಡ ಏಟು ಮೈಸೂರಿನ ಒಂದು ಸೀರೆ ಅಂಗಡಿಯದು. ದಸರಾಕ್ಕೆ ಮುಂಚೆ ಆನ್‌ಲೈನ್ ಅಂಗಡಿ ಬೇಕು ಅಂದರು, ನಾನು "ಇ-ಕಾಮರ್ಸ್ ವೆಬ್‌ಸೈಟ್, ಪೇಮೆಂಟ್ ಗೇಟ್‌ವೇ ಸಹಿತ", ಅಂದರೆ ಆನ್‌ಲೈನಲ್ಲೇ ದುಡ್ಡು ಕಟ್ಟುವ ವ್ಯವಸ್ಥೆ ಸಮೇತ, ಎಂದು ಒಂದೇ ಸಾಲಿನಲ್ಲಿ ಬರೆದು 45,000 ಅಂದೆ. ಸೈಟ್ ತಯಾರಾದ ಮೇಲೆ ನಾನೂರು ಸೀರೆಯ ಬೀರುಗಳನ್ನು ತೋರಿಸಿ "ಇವನ್ನೆಲ್ಲ ಹಾಕಿಬಿಡಿ" ಅಂದರು. ಒಂದು ಸೀರೆಗೆ ಸೆರಗು, ಒಡಲು, ಅಂಚು ಎಂದು ಮೂರು ಫೋಟೋ, ಬಣ್ಣದ ಹೆಸರು, ಅಳತೆ, ಬೆಲೆ. ಎಷ್ಟು ಚುರುಕಾಗಿ ಮಾಡಿದರೂ ಹತ್ತು ನಿಮಿಷ. ನಾನೂರಕ್ಕೆ ನಾಲ್ಕು ಸಾವಿರ ನಿಮಿಷ, ಅಂದರೆ ಸುಮಾರು ಅರವತ್ತೇಳು ಗಂಟೆ. ಅವರ ಲೆಕ್ಕದಲ್ಲಿ ವೆಬ್‌ಸೈಟ್ ಅಂದರೆ ಸೀರೆ ತುಂಬಿದ ಅಂಗಡಿ, ನನ್ನ ಲೆಕ್ಕದಲ್ಲಿ ಖಾಲಿ ಬೀರು. ಇಬ್ಬರದ್ದೂ ಸುಳ್ಳಲ್ಲ, ಬರೆದಿಡದೆ ಇದ್ದದ್ದು ನನ್ನ ತಪ್ಪು. ಹತ್ತು ರಾತ್ರಿ ಕೂತು ಹಾಕಿಕೊಟ್ಟೆ. ಆಯುಧಪೂಜೆಯ ದಿನ ಅವರು ಸೈಟಿಗೂ ಕುಂಕುಮ ಹಚ್ಚಿದ ಫೋಟೋ ಕಳಿಸಿದರು, ಕೊನೆಯ ಕಂತು ಮಾತ್ರ ಸಂಕ್ರಾಂತಿ ಕಳೆದ ಮೇಲೆ ಬಂತು.

ಆಮೇಲೆ ನನ್ನ ಹಾಳೆಯಲ್ಲಿ "ಇದು ಸೇರಿದೆ", "ಇದು ಸೇರಿಲ್ಲ" ಎಂದು ಎರಡು ಭಾಗ ಬಂತು. ಮೊದಲ ಮೂವತ್ತು ವಸ್ತು ನಾನು ಹಾಕುತ್ತೇನೆ, ಉಳಿದದ್ದನ್ನು ಹಾಕಲು ನಿಮ್ಮ ಅಂಗಡಿಯ ಒಬ್ಬರಿಗೆ ಎರಡು ದಿನ ಕಲಿಸುತ್ತೇನೆ. ಗೇಟ್‌ವೇಯವರು ಒಪ್ಪಬೇಕಾದರೆ ಸೈಟಿನಲ್ಲಿ ವಾಪಸಾತಿ ನಿಯಮ, ಗೋಪ್ಯತೆಯ ಪುಟ, ವಿಳಾಸದ ಪುಟ ಇರಬೇಕು, ಅದರ ನಿಯಮ ನೀವು ಹೇಳಬೇಕು, ಬರೆದುಕೊಡುವುದು ನಾನು. ಅದೇ ಅಂಗಡಿಯಿಂದ ಕಲಿತ ಇನ್ನೊಂದು ಸಂಗತಿ: ಅವರು ಎಲ್ಲ ರೇಷ್ಮೆ ಸೀರೆಗೂ "ಮೈಸೂರು ಸಿಲ್ಕ್" ಎಂದು ಹೆಸರು ಹಾಕಿ ಅಂದಿದ್ದರು. ಆ ಹೆಸರಿನ ಜಿಐ (ಭೌಗೋಳಿಕ ಗುರುತು) ನೋಂದಣಿ ಇರುವುದು ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ ಕೆಎಸ್‌ಐಸಿಗೆ. ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ ನೇಯ್ದ ಸೀರೆಯ ಹೆಸರನ್ನು ಬೇರೆ ಕಡೆ ನೇಯ್ದ ಸೀರೆಗೆ ಹಾಕಲು ನನ್ನ ಕೈ ಬರಲಿಲ್ಲ, ಅವರಿಗೂ ವಿವರಿಸಿದೆ, ಒಪ್ಪಿದರು. ಈಗ ಕೊಟೇಶನ್ನಿನಲ್ಲೇ "ಜಿಐ ಹೆಸರು, ಬೇರೆಯವರ ಫೋಟೋ ಬಳಸುವುದಿಲ್ಲ" ಎಂದು ಇರುತ್ತದೆ.

ಡೊಮೈನಿನ ಸಾಲಿಗೆ ಕಾರಣ ಒಬ್ಬ ಫಿಸಿಯೋಥೆರಪಿಸ್ಟ್. ಮೈಸೂರಿನ ಸರಸ್ವತಿಪುರಂ ಕಡೆಯವರು. ಅವರ ಹಳೇ ವೆಬ್‌ಸೈಟ್ ಮಾಡಿದ ಹುಡುಗ ಡೊಮೈನನ್ನು ತನ್ನ ಇಮೇಲಿಗೇ ನೋಂದಾಯಿಸಿಕೊಂಡಿದ್ದ. ಅವನು ಬೇರೆ ದೇಶಕ್ಕೆ ಹೋದ, ನಂಬರ್ ಬದಲಾಯಿಸಿದ, ನವೀಕರಣದ ನೋಟಿಸುಗಳೆಲ್ಲ ಅವನು ತೆರೆಯದ ಇಮೇಲಿಗೆ ಹೋದವು. ಎಂಟು ವರ್ಷ ಬೋರ್ಡಿನ ಮೇಲೆ, ಚೀಟಿಯ ಮೇಲೆ ಅಚ್ಚಾಗಿದ್ದ ಹೆಸರು ಕೈತಪ್ಪಿತು. ವೈದ್ಯರು ನನ್ನ ಮುಂದೆ ಕೂತು ಆ ಹಳೇ ಚೀಟಿ ತೋರಿಸುತ್ತಿದ್ದಾಗ ನನಗೆ ನನ್ನ ವೃತ್ತಿಯ ಬಗ್ಗೆಯೇ ನಾಚಿಕೆಯಾಯಿತು. ನಮ್ಮ ಕೊಟೇಶನ್ನಿನಲ್ಲಿ ಈಗ ದರಕ್ಕಿಂತ ಮೇಲೆ ಇರುವ ಸಾಲು ಇದು: "ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲಿಗೆ ಒಟಿಪಿ ಬರುವಂತೆ ಕೊಳ್ಳಲಾಗುವುದು. ನಾಳೆ ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೂ ಅದು ನಿಮ್ಮದೇ." ಹಾಗೆ ಬರೆದರೆ ಗಿರಾಕಿ ಕೈಬಿಟ್ಟು ಹೋಗುತ್ತಾರೆ ಎಂದು ಗೆಳೆಯರು ಹೇಳಿದ್ದುಂಟು. ಇದುವರೆಗೆ ಆ ಸಾಲು ಓದಿ ಕೆಲಸ ಕೊಟ್ಟವರೇ ಹೆಚ್ಚು.

"ಗೂಗಲ್‌ನಲ್ಲಿ ಫಸ್ಟ್ ಬರ್ಬೇಕು" ಎಂಬ ಬೇಡಿಕೆ ಇಲ್ಲದ ಗಿರಾಕಿಯೇ ಇಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಹೇಳುತ್ತದೆ. ಅದನ್ನೇ ಬರೆಯುತ್ತೇನೆ, ಜೊತೆಗೆ ನಾನು ಏನೇನು ಮಾಡುತ್ತೇನೆ ಎಂದು ಬರೆಯುತ್ತೇನೆ. ಬೇರೆಯವರು ಗ್ಯಾರಂಟಿ ಕೊಡುತ್ತಿದ್ದಾರೆ ಅಂದರೆ ವಾದ ಮಾಡುವುದಿಲ್ಲ.

ಕನ್ನಡ ಪುಟದ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯ ಕೊಟೇಶನ್ನುಗಳಲ್ಲಿ ಅತಿ ಅಗ್ಗವಾಗಿ ಬರೆಯುವ ಸಾಲು ಅದೇ. "ಕನ್ನಡದಲ್ಲೂ ಇರುತ್ತದೆ" ಎಂದು ಬರೆದು ಯಂತ್ರದ ಅನುವಾದ ಅಂಟಿಸಿಬಿಡುತ್ತಾರೆ. ನಾನೂ ಶುರುವಿನಲ್ಲಿ ಅದನ್ನು ಹಗುರಾಗಿ ತೆಗೆದುಕೊಂಡಿದ್ದೆ. ಪಾಂಡವಪುರ ಕಡೆಯ ಒಂದು ಆಲೆಮನೆಯವರಿಗೆ ಸೈಟ್ ಮಾಡುವಾಗ ಅವರು ಡಿಟಿಪಿ ಅಂಗಡಿಯಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಹಳೇ ಫೈಲ್ ಕೊಟ್ಟರು. ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ, ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತುಗಳು ಅಲ್ಲಲ್ಲಿ ಕೆಟ್ಟಿರುತ್ತವೆ, ಸಾಲು ಸಾಲು ಓದಿ ತಿದ್ದಬೇಕು.

ಅದೆಲ್ಲ ಮುಗಿಸಿ ಸೈಟ್ ತೋರಿಸಲು ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಕಬ್ಬಿನ ಹಾಲಿನ ಘಮ ತುಂಬಿತ್ತು. ಅವರ ಮೊಬೈಲಿನಲ್ಲಿ ತೆರೆದರೆ ದೊಡ್ಡ ಹಸಿರು ಗುಂಡಿಯ ಮೇಲೆ "ಬೆಲ ಕೊಳ್ಳಿ" ಎಂದಿತ್ತು. ನಾನು ಬರೆದದ್ದು "ಬೆಲ್ಲ". ಟೆಂಪ್ಲೇಟಿನ ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿದ್ದು, ಅಕ್ಷರದ ಕೆಳಗಿಳಿಯುವ ಒತ್ತಿಗೆ ಜಾಗವಿಲ್ಲದೆ ಲಕಾರದ ಒತ್ತು ಪೂರ್ತಿ ಕತ್ತರಿಸಿಹೋಗಿತ್ತು. ಪಕ್ಕದ "ಕೊಳ್ಳಿ"ಯಲ್ಲಿ ಒತ್ತಿನ ನೆತ್ತಿ ಮಾತ್ರ ಕಾಣುತ್ತಿತ್ತು. ಕಬ್ಬು ಅರೆಯುತ್ತಿದ್ದ ಹಿರಿಯರೊಬ್ಬರು ಕೈ ಒರೆಸಿಕೊಂಡು ಬಂದು ನೋಡಿ, "ನಮ್ ಬೆಲ್ಲದ ಒತ್ತು ಎಲ್ಲೋಯ್ತವ್ವ?" ಎಂದರು. ಸಾಲಿನ ಎತ್ತರ ಹೆಚ್ಚಿಸಿ, ಗುಂಡಿಯ ಮೇಲೆ ಕೆಳಗೆ ಜಾಗ ಬಿಟ್ಟರೆ ಐದು ನಿಮಿಷದ ಕೆಲಸ. ಆದರೆ ಪ್ರತಿಯೊಂದು ಗುಂಡಿ, ಪ್ರತಿಯೊಂದು ಶೀರ್ಷಿಕೆಯನ್ನೂ ಎರಡು ಮೂರು ಅಗ್ಗದ ಮೊಬೈಲುಗಳಲ್ಲಿ ತೆರೆದು ನೋಡಿದರೆ ಮಾತ್ರ ಅದು ಕಣ್ಣಿಗೆ ಬೀಳುವುದು. ಹಾಗಾಗಿ ಈಗ ಕನ್ನಡ ಪುಟಕ್ಕೆ ಬೇರೆ ದರ ಹಾಕುತ್ತೇನೆ, ಯಾಕೆಂದು ಬರೆಯುತ್ತೇನೆ: ಬರವಣಿಗೆ, ಯೂನಿಕೋಡ್ ಪರಿವರ್ತನೆ, ಕರಡು ತಿದ್ದುವುದು, ಮೊಬೈಲಿನಲ್ಲಿ ಪರೀಕ್ಷೆ. ಇಂಗ್ಲಿಷ್ ಪುಟದ ಬಾಲದ ಹಾಗೆ ಕನ್ನಡವನ್ನು ಪುಕ್ಕಟೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲರಿಗೂ ಕನ್ನಡ ಪುಟ ಬೇಕೇಬೇಕು ಎಂದೂ ಹೇಳುವುದಿಲ್ಲ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೋಣೆ ಕೊಡುವ ಒಂದು ಮನೆಯವರಿಗೆ ಇಂಗ್ಲಿಷ್ ಪುಟವಷ್ಟೇ ಸಾಕು ಎಂದು ಬರೆದುಕೊಟ್ಟಿದ್ದೇನೆ. ತಿಂಗಳ ಬಾಡಿಗೆ, ಬಿಸಿನೀರು, ಯೋಗಶಾಲೆಗೆ ನಡೆದರೆ ಎಷ್ಟು ನಿಮಿಷ, ಇಷ್ಟೇ ಅವರ ಗಿರಾಕಿಗಳು ಕೇಳುವುದು.

ದುಡ್ಡಿನ ಮಾತು. "ಒಸಿ ನೋಡಿ ಮಾಡ್ಕೊಡಿ" ಎನ್ನದೆ ಯಾರೂ ಒಪ್ಪುವುದಿಲ್ಲ, ಅದು ನಮ್ಮ ಕಡೆಯ ಮರ್ಯಾದೆಯೂ ಹೌದು. ಮೊದಲೆಲ್ಲ ಎರಡು ಸಾವಿರ ಹೆಚ್ಚಿಗೆ ಹಾಕಿ ಆಮೇಲೆ ಬಿಡುತ್ತಿದ್ದೆ. ಚೌಕಾಸಿ ಮಾಡದವರು ಹೆಚ್ಚಿಗೆ ಕೊಡುವಂತಾಗುತ್ತಿತ್ತು, ಅದು ಮನಸ್ಸಿಗೆ ಚುಚ್ಚುತ್ತಿತ್ತು. ಈಗ ದರ ಒಂದೇ. ಕಡಿಮೆ ಮಾಡಲೇಬೇಕು ಅಂದರೆ ಹಾಳೆಯನ್ನು ಅವರ ಮುಂದಿಟ್ಟು, ಯಾವ ಕೆಲಸ ತೆಗೆಯೋಣ ನೀವೇ ಹೇಳಿ ಅನ್ನುತ್ತೇನೆ. ಕಂತು ಮೂರು: ಶುರುವಿಗೆ ಅರ್ಧ, ಮಾದರಿ ಒಪ್ಪಿದ ಮೇಲೆ ಕಾಲು, ಸೈಟ್ ತೆರೆಯುವ ದಿನ ಕಾಲು. ಫೋಟೋ, ಬರಹ ಕೊಡುವುದಕ್ಕೆ ಹದಿನೈದು ದಿನದ ಗಡುವು, ತಡವಾದರೆ ಸೈಟೂ ಅಷ್ಟೇ ತಡ. ಜಿಎಸ್‌ಟಿ ಬಿಲ್ ಕೇಳುವವರಿದ್ದಾರೆ. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಕಡ್ಡಾಯವಿಲ್ಲ, ನನ್ನದು ದಾಟಿಲ್ಲ, ಹಾಗಾಗಿ ಶೇ 18ರ ತೆರಿಗೆ ಸೇರುವುದಿಲ್ಲ ಎಂದು ಒಂದು ಸಾಲು ಬರೆದಿಡುತ್ತೇನೆ. ಅವರ ಆಡಿಟರ್ ಓದುವುದು ಆ ಸಾಲನ್ನೇ. ಎರಡನೇ ವರ್ಷದ ಖರ್ಚನ್ನು ಮೊದಲ ದರದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರೆಯುತ್ತೇನೆ. "ಪ್ರತಿ ವರ್ಷ ಕಟ್ಬೇಕು ಅಂತ ನೀವು ಹೇಳೇ ಇರ್ಲಿಲ್ಲ" ಎಂಬ ಮಾತನ್ನು ಕೇಳುವ ಹಾಗಾಗಬಾರದು.

ಹೋಟೆಲಿನ ವಿಷಯಕ್ಕೆ ಬರುತ್ತೇನೆ. ಹಾಳೆಯನ್ನು ವಾಟ್ಸಾಪಿನಲ್ಲಿ ಮಗನಿಗೆ ಕಳಿಸಿದೆ, ಪ್ರಿಂಟ್ ತೆಗೆದು ಹೋಟೆಲಿಗೂ ಒಯ್ದೆ. ಮಗನಿಗೆ ಅಸಮಾಧಾನವಾಯಿತು. "ಆನ್‌ಲೈನ್ ಆರ್ಡರ್ ಯಾಕಿಲ್ಲ ಮೇಡಂ? ಬಜೆಟ್ ಇದೆ ಅಂದ್ನಲ್ಲ" ಎಂದ. ಕ್ಯಾಲೆಂಡರ್ ಹಾಳೆಯ ಫೋಟೋ ಕಳಿಸಿದೆ. ಅಮ್ಮನ ಕೈಯ ಗೀಟುಗಳನ್ನು ನೋಡಿದ ಮೇಲೆ ಅವನು ಮತ್ತೆ ಆ ಮಾತೆತ್ತಲಿಲ್ಲ.

ಮಧ್ಯಾಹ್ನ ಮೂರರ ಬಿಡುವಿನಲ್ಲಿ ಆ ತಾಯಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ಗಂಡನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ನಾನು ಬರೆದದ್ದನ್ನು ಗಿರಾಕಿಯೇ ಹೀಗೆ ಓದುವುದನ್ನು ನಾನು ಕೇಳಿದ್ದು ಅದೇ ಮೊದಲು. "ಬೆಳಿಗ್ಗೆ 6ಕ್ಕೆ ತೆರೆಯುತ್ತದೆ" ಎಂಬಲ್ಲಿ ನಿಂತರು. "ಆರಲ್ಲ ಕಣವ್ವ, ಐದೂ ಮುಕ್ಕಾಲು. ಮೊದ್ಲು ಇಡ್ಲಿ ಇಳ್ಯೋದೇ ಐದೂ ಮುಕ್ಕಾಲ್ಗೆ" ಎಂದು ನನ್ನ ಪೆನ್ನು ಇಸಿದುಕೊಂಡು ತಿದ್ದಿದರು. ಮೆನು ಇರುವಲ್ಲಿ ಮತ್ತೆ ನಿಂತರು. "ಎಳೇ ಮಕ್ಳು ಕರ್ಕಂಡು ಬರೋರ್ಗೆ ನಾವು ಹಾಲು ಕಾಯ್ಸಿ ಕೊಡ್ತೀವಿ. ದುಡ್ಡು ಈಸ್ಕಳಲ್ಲ. ಅದ್ನ ಬರೀಬೋದಾ?" ಎಂದರು. ಬರೀಬಹುದು ಅಂದೆ. ಮೂರು ಬೆಳಿಗ್ಗೆ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಪ್ಪಿಗೆ ಆಯಿತು, ಅಡ್ವಾನ್ಸ್ ಮಾತ್ರ ಬರಲಿಲ್ಲ. "ಆಷಾಢ ಕಣವ್ವ, ಹೊಸ ಕೆಲ್ಸ ಬ್ಯಾಡ" ಅಂದರು. ಆ ವರ್ಷ ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣ ಬಂತು, ಅದರಲ್ಲೂ ಬೇಡ. ನಿಜ ಶ್ರಾವಣ ಶುರುವಾದದ್ದು ಆಗಸ್ಟ್ ಮಧ್ಯಕ್ಕೆ. ನನ್ನ ಹಾಳೆಯ ಕೆಳಗೆ "ಈ ದರ 30 ದಿನಕ್ಕೆ ಮಾತ್ರ" ಎಂಬ ಕಂಪನಿ ಕಾಲದ ಸಾಲು ಇನ್ನೂ ಉಳಿದಿತ್ತು. ಅದನ್ನು ಹಿಡಿದು ದರ ಏರಿಸುವ ಮಾತೇ ಇರಲಿಲ್ಲ. ಆಮೇಲಿಂದ ಆ ಸಾಲನ್ನು ತೆಗೆದು, ವ್ಯಾಪಾರಸ್ಥರು ಲೆಕ್ಕ ಹಿಡಿಯುವ ಹಾಗೆ "ದೀಪಾವಳಿವರೆಗೆ", "ಯುಗಾದಿವರೆಗೆ" ಎಂದು ಬರೆಯುತ್ತೇನೆ.

ಆ ಕಾಯುವಿಕೆಯಲ್ಲಿ ಒಂದು ಒಳ್ಳೆಯದೂ ಆಯಿತು. ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ನಾನು ಒಂದು ಬೆಳಿಗ್ಗೆ ಸುಮ್ಮನೆ ಹೋಗಿ ನೋಡಿದರೆ ಹೋಟೆಲಿನ ಮುಂದೆ ಆರು ಬೈಕು ನಿಂತಿದ್ದವು, ಹೆಲ್ಮೆಟ್ಟುಗಳು ಕಟ್ಟೆಯ ಮೇಲೆ ಸಾಲಾಗಿದ್ದವು. "ಬೈಕಿನೋರು ಬತ್ತಾವ್ರೆ ಈಗ" ಎಂದು ಯಜಮಾನರ ಮುಖ ಸ್ವಲ್ಪ ಗೆಲುವಾಗಿತ್ತು. ಮನೆಗೆ ಬಂದು ಹಾಳೆಯಲ್ಲಿ ದಾರಿಯ ಭಾಗವನ್ನು ತಿದ್ದಿದೆ. ಕಾರಿನವರಿಗೆ ಎರಡು ದಾರಿ ಬರೆದಿದ್ದೆ, ಬೈಕಿನವರಿಗೆ ಸರ್ವಿಸ್ ರಸ್ತೆಯ ಮೂರನೆಯದನ್ನು ಸೇರಿಸಿದೆ. ದರ ಬದಲಾಯಿಸಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಫೋನ್ ಬಂತು. "ನೆನ್ನೆ ಶುಕ್ರವಾರ, ಹಬ್ಬ ಬೇರೆ, ದುಡ್ಡು ಆಚೆ ಕೊಡಂಗಿಲ್ಲ. ಸೋಮವಾರ ಬಾರವ್ವ" ಎಂದರು. ಸೋಮವಾರ ಹೋದೆ. ಗಲ್ಲದಿಂದ ಏಳು ಸಾವಿರ ಎಣಿಸಿ, ಹಬ್ಬದ ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟರು. ತಿದ್ದುಪಡಿ ತುಂಬಿದ ಆ ಪ್ರಿಂಟನ್ನು ನಾಲ್ಕಾಗಿ ಮಡಚಿ ಗಲ್ಲದ ಪೆಟ್ಟಿಗೆಯೊಳಗೆ, ಲೈಸೆನ್ಸಿನ ಕಾಗದದ ಕೆಳಗೆ ಇಟ್ಟುಕೊಂಡಿದ್ದರು. ಹೊಸದಾಗಿ ಪ್ರಿಂಟ್ ತಂದಿದ್ದೇನೆ, ಇದಕ್ಕೆ ಸಹಿ ಹಾಕಿ ಅಂದೆ. ಬೇಡ, ಇದರ ಮೇಲೇ ಹಾಕ್ತೀನಿ ಎಂದು ಹಳೆಯದನ್ನೇ ಬಿಡಿಸಿ, ಐದೂ ಮುಕ್ಕಾಲು ಎಂದು ತಾವೇ ಬರೆದಿದ್ದ ಸಾಲಿನ ಪಕ್ಕದಲ್ಲಿ ಸಹಿ ಹಾಕಿದರು.